ಗೋಡೆಗೆ ಕಾಲು ಚಾಚಿ ಹತ್ತು ನಿಮಿಷ

ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರ ಡಿಸೆಂಬರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯವನ್ನೆಲ್ಲ ಕಾಯಿಲೆಯಲ್ಲೇ ಕಳೆದವರು. ಮಲೇರಿಯಾ, ಟೈಫಾಯ್ಡ್, ಕ್ಷಯ ಒಂದನ್ನೊಂದು ಅಟ್ಟಿಕೊಂಡು ಬಂದವು. ಮೈಸೂರಿನಲ್ಲಿ ಭಾವ ಟಿ. ಕೃಷ್ಣಮಾಚಾರ್ಯರ ಬಳಿ ಅವರು ಕಲಿತ ಯೋಗ ಬಿರುಸಿನದು. ಅದೇ ಶಾಲೆಯ ಪಟ್ಟಾಭಿ ಜೋಯಿಸರು ಆ ಬಿರುಸನ್ನು ಮುಂದುವರಿಸಿದರು. 1937ರಲ್ಲಿ ಪುಣೆಗೆ ಹೋದ ಅಯ್ಯಂಗಾರ್ ಕ್ರಮೇಣ ಬೇರೆ ದಾರಿ ಹಿಡಿದು, ಒಂದೇ ಆಸನದಲ್ಲಿ ಬಹಳ ಹೊತ್ತು ನೆಲೆಸುವುದನ್ನು ಕಲಿಸಿದರು. ದುರ್ಬಲ ದೇಹಕ್ಕೆ ಅದು ಆಗದೆಂದು ಕಂಡಾಗ ಮರದ ಇಟ್ಟಿಗೆ, ಪಟ್ಟಿ, ದಿಂಬು, ಕುರ್ಚಿಗಳ ಆಸರೆ ಕೊಟ್ಟರು. ನನ್ನ ಮಟ್ಟಿಗೆ ಅವರ ಅತಿ ದೊಡ್ಡ ಕೆಲಸ ಈ ಆಸರೆಯೇ. ಗಟ್ಟಿಮುಟ್ಟಾದವರಿಗಷ್ಟೇ ಸಿಗುತ್ತಿದ್ದ ನಿಧಾನ ಅದರಿಂದ ರೋಗಿಗೂ ಮುದುಕರಿಗೂ ದಕ್ಕಿತು.

ಪಿಟೀಲುವಾದಕ ಯೆಹೂದಿ ಮೆನುಹಿನ್ ಅವರನ್ನು ಅಯ್ಯಂಗಾರ್ ಕಂಡದ್ದು 1952ರಲ್ಲಿ, ಮುಂಬೈಯಲ್ಲಿ. ಐದೇ ನಿಮಿಷ ಬಿಡುವು ಎಂದಿದ್ದ, ದಣಿದಿದ್ದ ಆ ಕಲಾವಿದರನ್ನು ಅವರು ಮಲಗಿಸಿದರು. ಮೆನುಹಿನ್ ನಿದ್ದೆಹೋದರು. ಅಯ್ಯಂಗಾರ್ ಯುರೋಪಿಗೆ ಹೋದದ್ದು ಆಮೇಲೆ ಬೆಳೆದ ಸ್ನೇಹದಿಂದಲೇ.

ಇಂದು ಲೋವರ್ ಪರೇಲ್‌ನ ಅಯ್ಯಂಗಾರ್ ಯೋಗಾಶ್ರಯ ಸೇರಿದಂತೆ ಮುಂಬೈಯ ಹಲವು ಕಡೆ ಈ ಪದ್ಧತಿ ನಡೆಯುತ್ತಿದೆ. ಸರ್ವಾಂಗಾಸನಕ್ಕೆ ಮುಂಚೆ ಕಂಬಳಿಗಳನ್ನು ಮಡಿಸಿ, ಅಂಚಿಗೆ ಅಂಚು ಕೂಡಿಸಿ ಒಂದರ ಮೇಲೊಂದು ಇಡುತ್ತಾರೆ. ಭುಜ ಕಂಬಳಿಯ ಮೇಲೆ, ತಲೆ ನೆಲದ ಮೇಲೆ. ಆ ಕೆಲವೇ ಅಂಗುಲದ ಎತ್ತರದಿಂದ ಕತ್ತಿನ ಮೇಲಿನ ಒತ್ತಡ ಇಳಿದು, ಅರೆ ನಿಮಿಷಕ್ಕೆ ಒದ್ದಾಡುತ್ತಿದ್ದವರು ಐದು ನಿಮಿಷ ನಿಲ್ಲುತ್ತಾರೆ. ಸ್ನಾಯುವನ್ನು ರಭಸದಿಂದ ಎಳೆದರೆ ಅದು ತನ್ನ ರಕ್ಷಣೆಗೆ ಬಿಗಿದುಕೊಳ್ಳುತ್ತದೆ. ಮೆಲ್ಲಗೆ ಎಳೆದು ಕಾದರೆ ಸಡಿಲುತ್ತದೆ. ಉಸಿರು ಬಿಡುವಾಗ ಎದೆಬಡಿತ ತುಸು ತಗ್ಗುವುದರಿಂದ, ನೀಳವಾಗಿ ಉಸಿರು ಬಿಟ್ಟಷ್ಟೂ ಮೈ ವಿಶ್ರಾಂತಿಗೆ ವಾಲುತ್ತದೆ. ವಿರಾರ್ ಲೋಕಲ್‌ನ ನೂಕುನುಗ್ಗಲಲ್ಲಿ ನಿಂತು ಬಂದವರ ಭುಜ ಕಿವಿಯ ಹತ್ತಿರಕ್ಕೆ ಏರಿರುತ್ತದೆ, ಅದು ಅವರಿಗೇ ಗೊತ್ತಿರುವುದಿಲ್ಲ. ದಿಂಬಿನ ಮೇಲೆ ಎದೆ ತೆರೆದು ಮಲಗಿ ಎರಡು ಮೂರು ನಿಮಿಷವಾದಾಗ ಗೊತ್ತಾಗುತ್ತದೆ. ಮನಸ್ಸಿಗೆ ಆಗುವ ಉಪಕಾರ ಶುರುವಾಗುವುದೇ ಅಲ್ಲಿಂದ.

ಕೊರತೆಗಳೂ ಇವೆ. ಅಯ್ಯಂಗಾರ್ ಸಿಟ್ಟಿಗೆ ಹೆಸರಾದ ಗುರು. ಆ ಕಟ್ಟುನಿಟ್ಟು ಶಿಷ್ಯಪರಂಪರೆಗೂ ಇಳಿದಿದೆ. ಮಂಡಿಚಿಪ್ಪು ಎತ್ತಿ, ಹಿಮ್ಮಡಿ ಒತ್ತಿ, ಪಕ್ಕೆ ತಿರುಗಿಸಿ ಎಂಬ ಸೂಚನೆಗಳ ಸುರಿಮಳೆಯಲ್ಲಿ ನಿಧಾನವೇ ಕಳೆದುಹೋಗುವ ತರಗತಿಗಳುಂಟು. ಶವಾಸನದಲ್ಲಾದರೂ ಶಿಕ್ಷಕರು ಮಾತು ನಿಲ್ಲಿಸಬೇಕು. ಗ್ಲಾಕೋಮಾ ಇದ್ದವರಿಗೆ ತಲೆಕೆಳಗಾಗುವ ಆಸನಗಳು ಕಣ್ಣಿನ ಒತ್ತಡ ಏರಿಸುತ್ತವೆ. ಎಷ್ಟೇ ನಿಧಾನವಾಗಿ ಮಾಡಿದರೂ ಆ ಅಪಾಯ ತಪ್ಪದು. ಸೇರುವ ದಿನವೇ ಇದನ್ನು ವಿಚಾರಿಸದ ಶಿಕ್ಷಕರ ಬಳಿ ಕಲಿಯುವುದು ಬೇಡ.

ನನ್ನನ್ನು ಹೆಚ್ಚು ನೋಯಿಸುವುದು ಬೇರೆ. ಈ ನಿಧಾನ ತೀರ ಅಗತ್ಯವಿದ್ದವರಿಗೇ ದೂರವಾಗಿದೆ. ಶ್ರೀ ಯೋಗೇಂದ್ರರು 1918ರ ಡಿಸೆಂಬರಿನಲ್ಲೇ ವರ್ಸೋವಾದಲ್ಲಿ ಆರಂಭಿಸಿದ, ಈಗ ಸಾಂತಾಕ್ರೂಜ್‌ನಲ್ಲಿರುವ ಯೋಗ ಇನ್‌ಸ್ಟಿಟ್ಯೂಟ್ ಸಂಸಾರಸ್ಥರಿಗೆಂದೇ ಸರಳ ಯೋಗ ಕಲಿಸುತ್ತ ಬಂದಿದೆ. ಈ ಒಂದು ವಿಷಯದಲ್ಲಿ ಅದಕ್ಕೇ ನನ್ನ ಹೆಚ್ಚು ಮೆಚ್ಚುಗೆ. ನಗರದ ಉಡುಪಿ ಹೋಟೆಲುಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಂತೇ ದುಡಿಯುವ ನಮ್ಮವರ ಕಾಲು ನೋಡಿ: ಪಾದ ಊದಿರುತ್ತದೆ, ಮೀನಖಂಡದಲ್ಲಿ ನರ ಉಬ್ಬಿರುತ್ತದೆ. ಅಂಥವರಿಗೆ ಒದಗುವ ವಿಪರೀತಕರಣಿ ಎಂಬ ಆಸನಕ್ಕೆ ಒಂದು ಗೋಡೆ, ಒಂದು ಮಡಿಸಿದ ಕಂಬಳಿ ಸಾಕು. ಸೊಂಟದಡಿಗೆ ಕಂಬಳಿ ಕೊಟ್ಟು, ಕಾಲನ್ನು ಗೋಡೆಗೆ ಚಾಚಿ ಹತ್ತು ನಿಮಿಷ ಮಲಗಿದರೆ ಕಾಲಲ್ಲಿ ನಿಂತ ರಕ್ತ ಹಿಂದಿರುಗುತ್ತದೆ, ಊತ ತಗ್ಗುತ್ತದೆ. ಉಬ್ಬಿದ ನರ ಇದರಿಂದ ವಾಸಿಯಾಗದು, ಅದಕ್ಕೆ ಡಾಕ್ಟರೇ ಬೇಕು. ಆದರೆ ಹತ್ತಡಿಯ ಖೋಲಿಯಲ್ಲೂ ಇಷ್ಟು ಮಾಡಬಹುದು. ಮಾಟುಂಗದ ಮೈಸೂರು ಅಸೋಸಿಯೇಷನ್‌ನಂಥ ನಮ್ಮ ಸಂಸ್ಥೆಗಳಿಗೆ ಸಭಾಂಗಣವಿದೆ. ಹೋಟೆಲಿನವರಿಗೆ ತುಸು ಬಿಡುವಿರುವ ಮಧ್ಯಾಹ್ನ ಮೂರರ ಹೊತ್ತಿಗೆ, ಕನ್ನಡ, ತುಳುವಿನಲ್ಲಿ ಹೇಳಿಕೊಡುವ ಒಂದು ತರಗತಿಯನ್ನು ಅವು ನಡೆಸಲಿ.