ನಾಡಗೀತೆಯೂ ಹೊಸ ನೆರೆಯವರೂ

ಕಳೆದ ನವೆಂಬರಿನಲ್ಲಿ ವೈಟ್‌ಫೀಲ್ಡಿನ ವಸತಿ ಸಮುಚ್ಚಯವೊಂದರವರು ರಾಜ್ಯೋತ್ಸವದ ಭಾಷಣಕ್ಕೆಂದು ನನ್ನನ್ನು ಕರೆದಿದ್ದರು. ಮೂರು ತಿಂಗಳ ಹಿಂದಷ್ಟೇ ಜರ್ಮನಿಯಿಂದ ಬಂದ ಸಂಸಾರವೊಂದು ಮುಂದಿನ ಸಾಲಿನಲ್ಲಿತ್ತು. ಆಕೆ ಸೀರೆ ಉಟ್ಟಿದ್ದರು. ಗಂಡನ ಎದೆಯ ಮೇಲೂ ಹತ್ತು ವರ್ಷದ ಮಗಳ ಎದೆಯ ಮೇಲೂ ಅರಿಸಿನ ಕುಂಕುಮ ಬಣ್ಣದ ಪಟ್ಟಿ. ಧ್ವಜ ಏರಿತು, ನಾಡಗೀತೆ ಧ್ವನಿವರ್ಧಕದಲ್ಲಿ ಮೊಳಗಿತು. ನಮ್ಮವರು ಸುಮ್ಮನೆ ನಿಂತಿದ್ದರು. ಆ ತಾಯಿ ಮಗಳು ಮಾತ್ರ ರೋಮನ್ ಲಿಪಿಯಲ್ಲಿ ಬರೆದುಕೊಂಡ ಹಾಳೆ ಹಿಡಿದು ತಡವರಿಸುತ್ತ ಹಾಡಿದರು. ಬಳಿಕ ಕಾರ್ಯದರ್ಶಿಗಳು, 1853ರಲ್ಲಿ ಭಾರತಕ್ಕೆ ಬಂದು 1894ರಲ್ಲಿ ಕನ್ನಡ ನಿಘಂಟನ್ನು ಹೊರತಂದ ಜರ್ಮನಿಯ ಕಿಟ್ಟೆಲ್ಲರನ್ನು ಬಾಯ್ತುಂಬ ಕೊಂಡಾಡಿದರು, ಇಂಗ್ಲಿಷಿನಲ್ಲಿ.

ಉಪಾಹಾರದ ಹೊತ್ತಿಗೆ ಆಕೆ ಹಾಳೆ ಹಿಡಿದು ನನ್ನ ಬಳಿಗೆ ಬಂದರು. “ಇದರಲ್ಲಿ ಇಷ್ಟೊಂದು ಹೆಸರುಗಳಿವೆಯಲ್ಲ, ಇವರೆಲ್ಲ ನಿಮ್ಮ ರಾಜರೆ?” ಎಂದು ಕೇಳಿದರು. ಪಕ್ಕದಲ್ಲಿದ್ದ ಹಿರಿಯರೊಬ್ಬರು “ಹೌದು, ರಾಜರು, ದೇವರು” ಎಂದು ಕೇಸರಿಬಾತಿನತ್ತ ತಿರುಗಿದರು. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದ ನನಗೂ ನೆಟ್ಟಗೆ ಉತ್ತರ ಹೊಳೆಯಲಿಲ್ಲ. ಬಾಯಿಪಾಠವಾದ ಪದ್ಯವನ್ನು ನಾವು ಓದುವುದಿಲ್ಲ ಎಂಬುದು ಅಂದು ನನಗೆ ತಿಳಿಯಿತು.

ಮನೆಗೆ ಬಂದು ಪದ್ಯವನ್ನು ಮತ್ತೆ ಓದಿದೆ. ಕುವೆಂಪು ಅವರ ಈ ಗೀತೆ ನಾಡಗೀತೆಯಾದದ್ದು 2004ರಲ್ಲಿ. ಹೆಸರುಗಳ ಪಟ್ಟಿಯೇ ಅದರ ದೋಷ, ಅದು ಕಾವ್ಯಕ್ಕಿಂತ ಸೂಚಿಪತ್ರಕ್ಕೆ ಹತ್ತಿರ ಎಂದು ತರಗತಿಯಲ್ಲಿ ನಾನೇ ಹೇಳಿದ್ದುಂಟು. ಆ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಆ ಪಟ್ಟಿಯಲ್ಲಿ ನಾಡನ್ನಾಳಿದವರಿಗೆ ಸಿಕ್ಕಿರುವ ಜಾಗ ತೀರ ಕಿರಿದು. ತೈಲಪನೂ ಹೊಯ್ಸಳರೂ ಬಂದು ಹೋಗುತ್ತಾರೆ, ಅಷ್ಟೆ. ಉಳಿದವರು ಕವಿಗಳು, ಶಿಲ್ಪಿಗಳು, ದಾರ್ಶನಿಕರು, ಸಂತರು. ಅವರಲ್ಲಿಯೂ ಶಂಕರರು ಕೇರಳದವರು. ರಾಮಾನುಜರು ತಮಿಳುನಾಡಿನಿಂದ ಮೇಲುಕೋಟೆಗೆ ಬಂದವರು. ನಾನಕ, ಕಬೀರರು ಕನ್ನಡಿಗರೇ ಅಲ್ಲ. ಕನ್ನಡನಾಡನ್ನು ಹೊಗಳಹೊರಟ ಕವಿ ಹೊರಗಿನವರನ್ನು ಒಳಗಿನವರ ಜೊತೆಯಲ್ಲಿಯೇ ಕೂರಿಸಿದ್ದಾರೆ. ಅಲ್ಲದೆ ಈ ಪದ್ಯದಲ್ಲಿ ಕರ್ನಾಟಕ ತಾಯಿಯೂ ಹೌದು, ಭಾರತಮಾತೆಯ ಮಗಳೂ ಹೌದು. ಎರಡು ಅಕ್ಕರೆಗಳು ಒಂದೇ ಎದೆಯಲ್ಲಿ ಜಗಳವಿಲ್ಲದೆ ಇರಬಲ್ಲವೆಂಬುದೇ ಗೀತೆಯ ಜೀವಾಳ. ತವರನ್ನು ಮರೆಯದೆ ಹೊಸ ಊರಿನ ಹಬ್ಬಕ್ಕೆ ಬಂದು ನಿಂತವರಿಗೆ ಇದಕ್ಕಿಂತ ಹೊಂದುವ ಪದ್ಯ ಯಾವುದು? ವೈಟ್‌ಫೀಲ್ಡೂ ಅಂಥದೇ ಊರು: ಆಂಗ್ಲೋ-ಇಂಡಿಯನ್ನರು ನೆಲೆಸಲೆಂದು ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ 1882ರಲ್ಲಿ ಹುಟ್ಟಿದ್ದು.

ಹಾಗೆಂದು ಪದ್ಯ ಸುಲಭವಲ್ಲ. ಸಂಸ್ಕೃತ ಸಮಾಸಗಳು ದಟ್ಟವಾಗಿವೆ. ಹೊಸಬರಿಗಿರಲಿ, ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೂ ಅರ್ಥ ಬಿಡಿಸಿ ಹೇಳದೆ ದಕ್ಕುವುದಿಲ್ಲ. ಗೀತೆಯನ್ನು ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಗೊತ್ತುಮಾಡಿತು. ಅರ್ಥಕ್ಕೆ ಇನ್ನು ಹತ್ತು ನಿಮಿಷ ಕೊಡುವುದು ನಮ್ಮ ಕೈಯಲ್ಲಿದೆ. ಅತಿಥಿಗೆ ಸೀರೆ ಉಡಿಸಿ, ಫೋಟೋ ತೆಗೆಸಿ, ಸಿಹಿ ತಿನ್ನಿಸಿ, ಹಾಡಿನ ಅರ್ಥ ಮಾತ್ರ ಹೇಳದೆ ಕಳಿಸುವುದು ಆದರವಲ್ಲ. ನಮಗೇ ಗೊತ್ತಿಲ್ಲದ್ದನ್ನು ಹೇಳುವುದು ಹೇಗೆ ಎಂಬ ಅಳುಕು ಅದರ ಹಿಂದಿದೆಯೆಂದು ನನ್ನ ಅನುಮಾನ.

ಮುಂದಿನ ಭಾನುವಾರ ಒಂದೊಂದು ಹೆಸರಿಗೆ ಒಂದೊಂದು ಸಾಲಿನಂತೆ ಅರ್ಥ ಬರೆದುಕೊಂಡು ಆ ಮನೆಗೆ ಹೋದೆ. ಮಗಳು ಹಾಳೆಯ ಮೇಲೆ ಬೆರಳಿಟ್ಟು ಕೊನೆಯವರೆಗೂ ಓದಿಸಿಕೊಂಡಳು. ಆಮೇಲೆ ಕೇಳಿದಳು: “ಇವರಲ್ಲಿ ಹೆಂಗಸರು ಯಾರೂ ಇಲ್ಲವೆ?” ಶರಾವತಿ, ತುಂಗಾ, ಕಾವೇರಿಯರಿದ್ದಾರೆ ಎಂದೆ. ಅವು ನದಿಗಳಲ್ಲವೆ ಎಂದಳು. ಅಕ್ಕಮಹಾದೇವಿಯ ನಾಡಿನ ಗೀತೆಯಲ್ಲಿ ಅಕ್ಕನಿಲ್ಲವೆಂಬುದು ಇಷ್ಟು ವರ್ಷ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಂದು ಅಕ್ಕನ ಕಥೆಯನ್ನು ಹೇಳಿಯೇ ಎದ್ದೆ.