ಆತ್ಮದ ಕಿರ್ದಿ: ಬನಾರಸೀದಾಸರ ‘ಅರ್ಧಕಥಾನಕ’

ವ್ಯಾಪಾರಿಯು ಅಂಗಡಿಯ ಬಾಗಿಲು ಹಾಕುವ ಮುನ್ನ ಕಿರ್ದಿ ಬರೆದು ಜಮಾ-ಖರ್ಚನ್ನು ಸರಿದೂಗಿಸುತ್ತಾನೆ. ಷಡಾವಶ್ಯಕಗಳಲ್ಲೊಂದಾದ ಪ್ರತಿಕ್ರಮಣವು ಆತ್ಮದ ವಿಷಯದಲ್ಲಿ ಇಂಥದೇ ಲೆಕ್ಕವನ್ನು ವಿಧಿಸುತ್ತದೆ. ದಿನಚರಿಯನ್ನು ಸ್ವಹಸ್ತದಿಂದ ಬರೆದಿಡುವ ಅಭ್ಯಾಸವು ಇವೆರಡರ ನಡುವೆ ನಿಲ್ಲುವಂಥದು. ಆದರೆ ಬರೆಯುವ ಕೈಯೂ ತನ್ನದೇ, ಓದುವ ಕಣ್ಣೂ ತನ್ನದೇ ಆದಾಗ ಲೆಕ್ಕವು ಸತ್ಯವಾಗಿರುವುದೆಂತು? ಈ ಪ್ರಶ್ನೆಯನ್ನು ಎದುರಿಟ್ಟುಕೊಂಡು ಓದಬೇಕಾದ ಕೃತಿ ಕವಿವರ ಬನಾರಸೀದಾಸರ ‘ಅರ್ಧಕಥಾನಕ’.

1586ರಲ್ಲಿ ಜೌನಪುರದ ಶ್ರೀಮಾಲ ವಣಿಕ ಕುಟುಂಬದಲ್ಲಿ ಜನಿಸಿದ ಬನಾರಸೀದಾಸರು ಈ ಕೃತಿಯನ್ನು ಆಗ್ರಾದಲ್ಲಿ 1641ರಲ್ಲಿ ಮುಗಿಸಿದರು. ಇದರಲ್ಲಿರುವ ಪದ್ಯಗಳು 675. ಮನುಷ್ಯನ ಪೂರ್ಣಾಯುಷ್ಯ 110 ವರ್ಷವೆಂದು ಎಣಿಸಿ, ತಮ್ಮ 55 ವರ್ಷಗಳ ಕಥೆಯನ್ನು ಅವರು ‘ಅರ್ಧ’ವೆಂದರು. ಹಿಂದಿಯ ಮೊದಲ ಆತ್ಮಕಥೆಯೆಂದು ಇದು ಮಾನ್ಯವಾಗಿದೆ. ಇದು ದಿನದಿನವೂ ಬರೆದ ದಿನಚರಿಯಲ್ಲ. ಆದರೂ ಸಂವತ್ಸರ, ಊರು, ಲಾಭನಷ್ಟಗಳನ್ನು ನಮೂದಿಸುವ ಕ್ರಮದಲ್ಲಿ ವ್ಯಾಪಾರಿಯ ಕಿರ್ದಿಯ ಶಿಸ್ತು ಎದ್ದು ಕಾಣುತ್ತದೆ.

ಆ ಶಿಸ್ತನ್ನು ಕವಿ ತಮ್ಮ ದೋಷಗಳಿಗೂ ಅನ್ವಯಿಸಿದ್ದಾರೆ. ಯೌವನದ ವ್ಯಾಮೋಹದಲ್ಲಿ ತಂದೆಯ ರತ್ನಗಳನ್ನು ಕದ್ದದ್ದು, ದಿನಕ್ಕೊಂದು ದೀನಾರ ದೊರೆಯುವುದೆಂಬ ಆಸೆಯಿಂದ ಸನ್ಯಾಸಿಯೊಬ್ಬನ ಮಂತ್ರವನ್ನು ಒಂದು ವರ್ಷ ಜಪಿಸಿ ಮೋಸಹೋದದ್ದು ಇಲ್ಲಿವೆ. ಅಧ್ಯಾತ್ಮವನ್ನು ಅರೆಬರೆಯಾಗಿ ಗ್ರಹಿಸಿ, ಮುಚ್ಚಿದ ಕೋಣೆಯಲ್ಲಿ ಗೆಳೆಯರೊಡನೆ ಬತ್ತಲೆ ಕುಣಿದು ‘ಮುನಿಗಳಾದೆವು’ ಎಂದುಕೊಂಡದ್ದನ್ನೂ ಅವರು ಮರೆಮಾಚಿಲ್ಲ. ಪಾಂಡೆ ರೂಪಚಂದರು ಆಗ್ರಾಕ್ಕೆ ಬಂದು ‘ಗೊಮ್ಮಟಸಾರ’ವನ್ನು ವಿವರಿಸಿದ ಮೇಲೆ ಆ ಭ್ರಮೆ ಹರಿಯಿತು. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಈ ಗ್ರಂಥವು ಆರು ಶತಮಾನಗಳ ತರುವಾಯ ಉತ್ತರದ ಶ್ರಾವಕನೊಬ್ಬನನ್ನು ತಿದ್ದಿತೆಂಬುದು ಕನ್ನಡನಾಡಿನ ಜೈನರಿಗೆ ಅಭಿಮಾನದ ಸಂಗತಿ.

ಕೃತಿಯ ಮರ್ಮವನ್ನು ತೋರುವ ಪ್ರಸಂಗ ಮತ್ತೊಂದಿದೆ. ಹರೆಯದಲ್ಲಿ ಸುಮಾರು ಸಾವಿರ ಪದ್ಯಗಳ ಶೃಂಗಾರಕಾವ್ಯವನ್ನು ರಚಿಸಿದ ಕವಿ, ಪಶ್ಚಾತ್ತಾಪಪಟ್ಟು ಆ ಹಸ್ತಪ್ರತಿಯನ್ನು ಗೋಮತೀ ನದಿಗೆ ಎಸೆದರು. ಕಾವ್ಯವನ್ನು ನೀರಿಗೆ ಬಿಟ್ಟರೂ ಅದನ್ನು ಬರೆದವನು ತಾನೆಂಬ ಸತ್ಯವನ್ನು ಬಿಡಲಿಲ್ಲ. ದೋಷವನ್ನು ತ್ಯಜಿಸುವುದು ಬೇರೆ, ದೋಷದ ದಾಖಲೆಯನ್ನು ಅಳಿಸುವುದು ಬೇರೆ. ನಾಚಿಕೆ ತರುವ ಹಾಳೆಯನ್ನು ಹರಿದೆಸೆಯುವ ದಿನಚರಿಕಾರನು ಎರಡನೆಯದನ್ನು ಮಾಡಿ ಮೊದಲನೆಯದನ್ನು ಸಾಧಿಸಿದೆನೆಂದು ಭ್ರಮಿಸುತ್ತಾನೆ.

ಋಣದ ಖಾತೆಯೂ ಅಷ್ಟೇ ಪ್ರಾಮಾಣಿಕ. ಆಗ್ರಾದಲ್ಲಿ ಕೈ ಬರಿದಾದಾಗ ತಿಂಗಳುಗಟ್ಟಲೆ ಸಾಲವಾಗಿ ಉಣಿಸಿದ ಕಚೋರಿ ವ್ಯಾಪಾರಿ, ತಾನು ಕೂಡಿಟ್ಟಿದ್ದ ಇಪ್ಪತ್ತು ರೂಪಾಯಿಯನ್ನು ಕೈಗಿತ್ತ ಪತ್ನಿ, ರೋಗದಲ್ಲಿ ಎಲ್ಲರೂ ದೂರ ಸರಿದಾಗ ಶುಶ್ರೂಷೆ ಮಾಡಿದ ಅತ್ತೆ ಇವರೆಲ್ಲ ನೆನಪಾಗುತ್ತಾರೆ.

ಇಲ್ಲಿಯೇ ಕೃತಿಯ ಕೊರತೆಯೂ ಗೋಚರಿಸುತ್ತದೆ. ಪಡೆದ ಉಪಕಾರಗಳು ಬರೆಯಲ್ಪಟ್ಟಷ್ಟು ವಿವರವಾಗಿ, ಕೊಟ್ಟ ನೋವುಗಳು ಬರೆಯಲ್ಪಟ್ಟಿಲ್ಲ. ಮೂರು ವಿವಾಹಗಳು, ಹುಟ್ಟಿ ಅಳಿದ ಒಂಬತ್ತು ಮಕ್ಕಳು. ಆ ತಾಯಂದಿರ ದುಃಖಕ್ಕೆ ದೊರೆತ ಪದ್ಯಗಳು ಕೆಲವೇ. ಕವಿಯ ನಗೆಯು ಕೆಲವೆಡೆ ಪಶ್ಚಾತ್ತಾಪದ ಭಾರವನ್ನು ಹಗುರಗೊಳಿಸುತ್ತದೆ. ಕೊನೆಗೆ ತಮ್ಮ ಗುಣದೋಷಗಳ ಪಟ್ಟಿಯಲ್ಲಿ ಲೋಭ, ಸುಳ್ಳು, ಜಪತಪಗಳಲ್ಲಿ ನಿರಾಸಕ್ತಿ ಇವನ್ನು ಆಗಲೂ ಉಳಿದಿರುವ ದೋಷಗಳೆಂದೇ ಹೇಳುತ್ತಾರೆ. ಇದು ಸತ್ಯನಿಷ್ಠೆ, ಆದರೆ ಆಲೋಚನೆಯನ್ನು ಪ್ರತ್ಯಾಖ್ಯಾನವು ಹಿಂಬಾಲಿಸಬೇಕೆಂಬುದು ಶಾಸ್ತ್ರದ ಅಪೇಕ್ಷೆ. ತಪ್ಪನ್ನು ಬರೆದದ್ದೇ ತಪ್ಪಿನಿಂದ ಬಿಡುಗಡೆಯಲ್ಲ.

ಈ ಮಿತಿಯಿದ್ದರೂ ಕೃತಿಯ ಪ್ರಯೋಜನ ಹಿರಿದು. ಹಿರಿಯರ ಸ್ಮರಣೆಗಾಗಿ ಕುಟುಂಬಗಳೂ ಬಸದಿಗಳ ಆಡಳಿತ ಮಂಡಳಿಗಳೂ ಪ್ರಕಟಿಸುವ ಗ್ರಂಥಗಳಲ್ಲಿ ಜಮೆಯ ಪುಟಗಳಷ್ಟೇ ಇರುವುದು ವಾಡಿಕೆ. ಅಜ್ಜನ ಕೈಬರಹದ ಪುಸ್ತಕ ಪೆಟ್ಟಿಗೆಯಲ್ಲಿ ಸಿಕ್ಕಾಗ, ಮನೆತನದ ಗೌರವಕ್ಕೆ ಹೊಂದದ ಪುಟಗಳನ್ನು ತೆಗೆದುಹಾಕುವ ಮನಸ್ಸಾಗುವುದು ಸಹಜ. ಅನ್ಯರ ಮಾನಕ್ಕೆ ಹಾನಿ ತರುವ ಮಾತನ್ನು ಅಚ್ಚಿಗೆ ಕೊಡದಿರುವುದು ಅಹಿಂಸೆಯೇ ಸರಿ. ಆದರೆ ಹಿರಿಯರು ತಮ್ಮ ಕುರಿತು ತಾವೇ ಬರೆದ ತಪ್ಪೊಪ್ಪನ್ನು ಅಳಿಸಿದರೆ, ಅವರು ಕಷ್ಟಪಟ್ಟು ಗಳಿಸಿದ ಪುಣ್ಯವನ್ನೇ ಖಾತೆಯಿಂದ ಹೊಡೆದುಹಾಕಿದಂತಾಗುತ್ತದೆ. ಮೂರೂಮುಕ್ಕಾಲು ಶತಮಾನ ಕಳೆದರೂ ಬನಾರಸೀದಾಸರ ಮೇಲೆ ಓದುಗರಿಗೆ ಗೌರವ ಉಳಿದಿರುವುದು ಅವರು ಉಳಿಸಿಹೋದ ಖರ್ಚಿನ ಪುಟಗಳಿಂದಲೇ.