ತಿದ್ದಿದ ಅರ್ಜಿಯಲ್ಲಿ ಕಾಣೆಯಾಗುವ ಕರ್ತೃ

ಕೋಲಾರ ಜಿಲ್ಲೆಯ ಹೋಳೂರು ಹೋಬಳಿಯ ರೈತರೊಬ್ಬರು ತಹಶೀಲ್ದಾರರಿಗೆ ಅರ್ಜಿ ಬರೆಯಬೇಕು ಎಂದಿಟ್ಟುಕೊಳ್ಳಿ. ‘ಪಕ್ಕದ ಜಮೀನಿನವರು ರಾಜಕಾಲುವೆ ಮುಚ್ಚಿದ್ದಾರೆ. ಮಳೆನೀರು ಕೆರೆಗೆ ಹೋಗದೆ ನಮ್ಮ ಟೊಮೆಟೊ ತೋಟಕ್ಕೆ ನುಗ್ಗುತ್ತಿದೆ’ ಎಂದು ಮೊಬೈಲಿನಲ್ಲಿ ಬರೆದು, ಸ್ಪಷ್ಟಗೊಳಿಸಿಕೊಡು ಎಂದು ಎಐ ಸಹಾಯಕವನ್ನು ಕೇಳಿದರೆ, ಎಷ್ಟೋ ಸಲ ಬರುವ ಉತ್ತರ ಈ ಧಾಟಿಯದು: ‘ರಾಜಕಾಲುವೆಯು ಮುಚ್ಚಲ್ಪಟ್ಟಿರುವುದರಿಂದ ಮಳೆನೀರಿನ ಸುಗಮ ಹರಿವಿಗೆ ಅಡಚಣೆಯುಂಟಾಗಿ ಕೃಷಿ ಚಟುವಟಿಕೆಗಳ ಮೇಲೆ ಪ್ರತಿಕೂಲ ಪರಿಣಾಮ ಬೀರುತ್ತಿದೆ.’

ಕಾಗುಣಿತ ಶುದ್ಧ, ವಿಭಕ್ತಿ ಶುದ್ಧ. ಆದರೆ ಕಾಲುವೆ ಮುಚ್ಚಿದವರು ಯಾರು, ಹಾಳಾಗುತ್ತಿರುವ ಬೆಳೆ ಯಾವುದು? ಅರ್ಜಿಯ ಜೀವವೇ ಆಗಿದ್ದ ಎರಡು ಸಂಗತಿಗಳೂ ಹೋದವು. ಇದನ್ನು ಸ್ಪಷ್ಟತೆ ಎಂದು ನಾನು ಒಪ್ಪಲಾರೆ.

ಈ ಸಾಧನದ ಉಪಕಾರವನ್ನೂ ಹೇಳಲೇಬೇಕು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳ ಮಾತು ತೆಲುಗು. ತೆಲುಗಿನಲ್ಲಿ ಏಕವಚನದ ಸ್ತ್ರೀಲಿಂಗಕ್ಕೂ ನಪುಂಸಕಲಿಂಗಕ್ಕೂ ಕ್ರಿಯಾಪದದ ರೂಪ ಒಂದೇ. ಹಾಗಾಗಿ ಆ ಮನೆಯ ಮಗು ಕನ್ನಡದಲ್ಲಿ ‘ಅಕ್ಕ ಬಂತು’ ಎಂದು ಬರೆದರೆ ಅಚ್ಚರಿಯಿಲ್ಲ. ಅದನ್ನು ‘ಬಂದಳು’ ಎಂದು ತಿದ್ದಿ, ಕೇಳಿದರೆ ಕಾರಣವನ್ನೂ ವಿವರಿಸುವ ಸಾಧನ ರಾತ್ರಿ ಹತ್ತಕ್ಕೂ ಸಿಗುತ್ತದೆ. ಮಗುವಿನ ತಪ್ಪಿಗೆ ತರಗತಿಯಲ್ಲಿ ಯಾರೂ ನಗುವುದಿಲ್ಲ. ಇದು ಸಣ್ಣ ಲಾಭವಲ್ಲ.

ಆದರೆ ವ್ಯಾಕರಣ ತಿದ್ದುವುದು ಬೇರೆ, ಗದ್ಯ ತಿಳಿಯಾಗಿಸುವುದು ಬೇರೆ. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಕತೆಗಾರ ಮಾಸ್ತಿಯವರ ಮನೆಮಾತು ತಮಿಳು. ಮೈಸೂರು ಸಂಸ್ಥಾನದ ಅಧಿಕಾರಿಯಾಗಿ ಕಡತಗಳ ಭಾಷೆಯ ನಡುವೆಯೇ ಬಾಳಿದವರು. ಆದರೂ ಅವರ ಕತೆಗಳಲ್ಲಿ ಯಾರು ಏನು ಮಾಡಿದರು ಎಂಬುದು ಎಂದೂ ಮಸುಕಾಗುವುದಿಲ್ಲ. ಆ ತಿಳಿತನ ಬಂದದ್ದು ಹೇಳಬೇಕಾದ್ದು ಏನು, ಕೇಳುವವರು ಯಾರು ಎಂಬ ಅರಿವಿನಿಂದ. ಎಐ ಸಹಾಯಕ ಕಲಿತಿರುವುದು ತನಗೆ ಹೇರಳವಾಗಿ ಸಿಕ್ಕ ಬರಹದಿಂದ. ಪ್ರಕಟಣೆ, ಅನುವಾದಗಳ ಕನ್ನಡ ಅಲ್ಲಿ ಧಾರಾಳ. ಹೊಲದ ಬದುವಿನ ಮೇಲೆ ನಿಂತು ಆಡುವ ಕನ್ನಡ ವಿರಳ.

ಆದ್ದರಿಂದ ಈ ಸಾಧನಕ್ಕೆ ‘ಚೆನ್ನಾಗಿ ಬರೆದುಕೊಡು’ ಎನ್ನಬಾರದು. ‘ತಪ್ಪುಗಳನ್ನಷ್ಟೇ ತೋರಿಸು, ನನ್ನ ವಾಕ್ಯ ಮುಟ್ಟಬೇಡ, ಓದುವವರಿಗೆ ಇನ್ನೇನು ತಿಳಿಯಬೇಕು, ಕೇಳು’ ಎನ್ನಬೇಕು. ಆಗ ಅದು ಸರ್ವೆ ನಂಬರ್ ಎಲ್ಲಿ, ಕಾಲುವೆ ಮುಚ್ಚಿದ್ದು ಯಾವಾಗ ಎಂದು ಕೇಳೀತು. ಅದಕ್ಕೆ ಉತ್ತರ ಬರೆಯಬೇಕಾದವರು ಆ ರೈತರೇ. ಅವರ ನೇರ ಮಾತನ್ನು ಕೀಳೆಂದು ಬಗೆಯದೆ ಓದುವ ಹೊಣೆ ಕಚೇರಿಯದು.